ಮಾನ್ಯ ಕುಲಪತಿಗಳೇ, ತರಬೇತಿಗೆ ವೇಳಾಪಟ್ಟಿಯಲ್ಲಿ ಜಾಗ ಕೊಡಿ

ಇವರಿಗೆ: ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು ಹಾಗೂ ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು

ವಿಷಯ: ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಸಂಶೋಧನಾರ್ಥಿಗಳ ವೃತ್ತಿ ತರಬೇತಿ

ಮಾನ್ಯರೇ,

ನಮ್ಮ ವಿಶ್ವವಿದ್ಯಾಲಯಗಳಿಂದ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಸಂದರ್ಶನದಲ್ಲಿ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ ಕ್ರೊಮ್ಯಾಟೊಗ್ರಫಿಯ (ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ವಿಧಾನದ) ಸಿದ್ಧಾಂತದ್ದಲ್ಲ. ‘ನೀವೇ ಎಚ್‌ಪಿಎಲ್‌ಸಿ ನಡೆಸಿದ್ದೀರಾ? ಮೊಬೈಲ್ ಫೇಸ್ ಯಾರು ತಯಾರಿಸಿದರು? ಒತ್ತಡ ಏರಿದರೆ ಮೊದಲು ಏನು ನೋಡುತ್ತೀರಿ?’ ಎಂದು ಕೇಳುತ್ತಾರೆ. ಆ ಸಿದ್ಧಾಂತದ ವಾನ್ ಡೀಮ್ಟರ್ ಸಮೀಕರಣವನ್ನು ತಪ್ಪಿಲ್ಲದೆ ಬರೆಯಬಲ್ಲವರು ಇಲ್ಲಿ ಮೌನವಾಗುತ್ತಾರೆ. ಎಚ್‌ಪಿಎಲ್‌ಸಿ, ಅಂದರೆ ದ್ರಾವಣದಲ್ಲಿರುವ ಪದಾರ್ಥಗಳನ್ನು ಒತ್ತಡದಲ್ಲಿ ಹರಿಸಿ ಬೇರ್ಪಡಿಸಿ ಅಳೆಯುವ ಯಂತ್ರ, ಅವರ ವಿಭಾಗದಲ್ಲೇ ಇದೆ. ಆದರೆ ಅದರ ಕೋಣೆಗೆ ಬೀಗ ಬಿದ್ದಿರುತ್ತದೆ.

ಈ ಪತ್ರ ಬರೆಯುತ್ತಿರುವ ನಾವು ವಿಜ್ಞಾನ ವಿಭಾಗಗಳಲ್ಲಿ ಪಾಠ ಮಾಡುವವರು, ಉಪಕರಣ ಕೇಂದ್ರಗಳನ್ನು ನೋಡಿಕೊಳ್ಳುವವರು, ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ಮಾಡುವವರು. ನಮ್ಮ ಮಾತು ಇಷ್ಟೇ. ಅವಕಾಶಗಳು ದೇಶದಲ್ಲಿ ಬೇಕಾದಷ್ಟಿವೆ, ನಿಯಮಗಳೂ ಇವೆ. ಇಲ್ಲದಿರುವುದು ಮೂರು: ವೇಳಾಪಟ್ಟಿಯಲ್ಲಿ ಒಂದು ಗಂಟೆ, ಆಯವ್ಯಯದಲ್ಲಿ ಒಂದು ಲೆಕ್ಕ ಶೀರ್ಷಿಕೆ, ಸಕಾಲಕ್ಕೆ ಒಂದು ಸಹಿ. ಮೂರನ್ನೂ ಕೊಡುವ ಅಧಿಕಾರ ತಮ್ಮ ಕೈಯಲ್ಲೇ ಇದೆ.

ನಿಯಮದಿಂದಲೇ ಶುರುಮಾಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್‌.ಡಿ. ನಿಯಮಾವಳಿ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್ ಇರಬೇಕೆನ್ನುತ್ತದೆ. ಅದರೊಳಗೆ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ 2 ಕ್ರೆಡಿಟ್‌ನ ಪಠ್ಯ ಕಡ್ಡಾಯ. ಇಷ್ಟನ್ನು ಎಲ್ಲರೂ ಪಾಲಿಸುತ್ತಾರೆ. ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತಿದೆ: ಯಾವ ವಿಷಯದವರೇ ಆಗಲಿ, ಸಂಶೋಧನಾರ್ಥಿಗಳು ತಮ್ಮ ವಿಷಯಕ್ಕೆ ಸಂಬಂಧಪಟ್ಟ ಬೋಧನೆ ಮತ್ತು ಬರವಣಿಗೆಯಲ್ಲಿ ತರಬೇತಿ ಪಡೆಯಬೇಕು, ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನದ ಕೆಲಸವನ್ನು ಅವರಿಗೆ ವಹಿಸಬಹುದು. ಬಹುತೇಕ ಕಡೆ ಈ ಮಾತು ಕಾಗದದಲ್ಲೇ ಉಳಿದಿದೆ. ಕೆಲವೆಡೆ ಗೈಡ್ ರಜೆಯಲ್ಲಿದ್ದಾಗ ಅವರ ತರಗತಿ ತೆಗೆದುಕೊಳ್ಳುವುದನ್ನೇ ‘ಬೋಧನಾ ತರಬೇತಿ’ ಎನ್ನುತ್ತಾರೆ. ಪಾಠ ಹೇಗಿತ್ತು ಎಂದು ಯಾರೂ ಹಿಂದಿನ ಬೆಂಚಿನಲ್ಲಿ ಕೂತು ನೋಡದಿದ್ದರೆ ಅದು ತರಬೇತಿಯಲ್ಲ, ಬದಲಿ ಕೆಲಸ.

ತರಬೇತಿಯ ಹೆಸರಿನಲ್ಲಿ ನಮ್ಮಲ್ಲಿ ಹೆಚ್ಚು ನಡೆಯುವುದು ಒಂದು ದಿನದ ಕಾರ್ಯಾಗಾರ. ಹನ್ನೊಂದಕ್ಕೆ ಉದ್ಘಾಟನೆ, ಹನ್ನೆರಡೂವರೆಗೆ ಆಶಯ ಭಾಷಣ, ಊಟ, ಮಧ್ಯಾಹ್ನ ಎರಡು ಉಪನ್ಯಾಸ, ನಾಲ್ಕಕ್ಕೆ ಪ್ರಮಾಣಪತ್ರ. ಸಭಾಂಗಣದಲ್ಲಿ ನೂರೈವತ್ತು ಜನ. ಯಂತ್ರ ತೋರಿಸುವಾಗ ಮುಂದಿನ ಹತ್ತು ಜನಕ್ಕೆ ಪರದೆ ಕಾಣಿಸುತ್ತದೆ. ಇದಕ್ಕೆ ಖರ್ಚಾಗುವ ಹಣದಲ್ಲಿ, ಇದೇ ಮಂದಿಯ ಶ್ರಮದಲ್ಲಿ, ನಿಜವಾದ ಕೈಕೆಲಸ ಕಲಿಸಬಹುದು. ಹೇಗೆ ಎಂಬುದನ್ನು ಒಂದು ಉಪಕರಣ ಹಿಡಿದು ಪೂರ್ತಿಯಾಗಿ ಲೆಕ್ಕ ಹಾಕಿ ತೋರಿಸುತ್ತೇವೆ. ದಯವಿಟ್ಟು ಈ ಭಾಗವನ್ನು ತಮ್ಮ ವಿಭಾಗಾಧ್ಯಕ್ಷರಿಗೂ ಓದಲು ಕೊಡಿ.

ಎಚ್‌ಪಿಎಲ್‌ಸಿಯನ್ನೇ ತೆಗೆದುಕೊಳ್ಳೋಣ. ಕೋಣೆಗೆ ಬೀಗ ಹಾಕುವುದು ಜಿಪುಣತನದಿಂದಲ್ಲ, ಹೆದರಿಕೆಯಿಂದ. ಪದಾರ್ಥಗಳನ್ನು ಬೇರ್ಪಡಿಸುವ ಕೊಳವೆಯಾದ ಸಿ-18 ಕಾಲಂ ಒಂದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಹೊಸಬರು ಅದನ್ನು ಹಾಳುಮಾಡುವ ದಾರಿಗಳು ನಮಗೆ ಗೊತ್ತಿರುವಂಥವೇ. ಫಾಸ್ಫೇಟ್ ಬಫರ್ (ಆಮ್ಲೀಯತೆಯನ್ನು ಸ್ಥಿರವಾಗಿಡುವ ಉಪ್ಪಿನ ದ್ರಾವಣ) ಹರಿಯುತ್ತಿದ್ದ ಕಾಲಂಗೆ ನೇರವಾಗಿ ಅಸಿಟೊನೈಟ್ರೈಲ್ ಎಂಬ ಶುದ್ಧ ದ್ರಾವಕ ಬಿಡುತ್ತಾರೆ. ಉಪ್ಪು ಒಳಗೇ ಹರಳುಗಟ್ಟಿ ಒತ್ತಡ ಏರುತ್ತದೆ. ಕೆಲಸ ಮುಗಿದ ಮೇಲೆ ಬಫರನ್ನು ರಾತ್ರಿಯಿಡೀ ಪಂಪಿನಲ್ಲಿ ಬಿಟ್ಟು ಹೋಗುತ್ತಾರೆ. ಬೆಳಿಗ್ಗೆ ಹರಳುಗಳು ಸೀಲನ್ನು ಗೀರಿ ಸೋರಿಕೆ ಶುರುವಾಗುತ್ತದೆ. ಮಾದರಿಯನ್ನು ಸೋಸದೆ ಹಾಕುತ್ತಾರೆ. ಕಾಲಂನ ಬಾಯಲ್ಲಿರುವ ಫ್ರಿಟ್ ಎಂಬ ಸಣ್ಣ ಜರಡಿ ಕಟ್ಟಿಕೊಳ್ಳುತ್ತದೆ. ಮೊಬೈಲ್ ಫೇಸಿನಿಂದ, ಅಂದರೆ ಕಾಲಂನಲ್ಲಿ ಹರಿಯುವ ದ್ರವದಿಂದ, ಗಾಳಿ ತೆಗೆಯುವುದಿಲ್ಲ. ಪಂಪಿಗೆ ಗುಳ್ಳೆ ಸೇರಿ ಒತ್ತಡದ ಗೆರೆ ಮೇಲೆ ಕೆಳಗೆ ಕುಣಿಯುತ್ತದೆ, ನಕ್ಷೆಯಲ್ಲಿ ಒಂದೊಂದು ಪದಾರ್ಥವನ್ನು ತೋರಿಸುವ ಶಿಖರಗಳ ಸಮಯ ಜರುಗುತ್ತದೆ. ಇವುಗಳಲ್ಲಿ ಮೊದಲ ಎರಡು ಬಫರಿನ ತೊಂದರೆಗಳು. ಹಾಗಾದರೆ ಕಲಿಕೆಯ ಮೊದಲ ಪ್ರಯೋಗದಲ್ಲಿ ಬಫರನ್ನೇ ಬಳಸದಿದ್ದರಾಯಿತು.

ಅದಕ್ಕೆ ತಕ್ಕ ಪ್ರಯೋಗ ಕಾಫಿಯಲ್ಲಿನ ಕೆಫೀನ್ ಅಳೆಯುವುದು. ಹೊಸ ಕಾಲಂ ಬೇಡ. ಸಂಶೋಧನೆಯಿಂದ ನಿವೃತ್ತವಾದ ಹಳೆಯ ಸಿ-18 ಕಾಲಂ ಒಂದನ್ನು ‘ತರಬೇತಿಗೆ ಮಾತ್ರ’ ಎಂದು ಚೀಟಿ ಅಂಟಿಸಿ ಇಡಿ. ಮೊಬೈಲ್ ಫೇಸ್ 40 ಭಾಗ ಮೆಥನಾಲ್, 60 ಭಾಗ ನೀರು, ಎರಡೂ ಎಚ್‌ಪಿಎಲ್‌ಸಿ ದರ್ಜೆಯವು, 0.45 ಮೈಕ್ರೊಮೀಟರ್ ಪೊರೆಯಲ್ಲಿ ಸೋಸಿ, ಗಾಳಿ ತೆಗೆದು ಬಳಸಬೇಕು. ಹರಿವು ನಿಮಿಷಕ್ಕೆ 1 ಮಿ.ಲೀ., ಪತ್ತೆ 273 ನ್ಯಾನೊಮೀಟರಿನಲ್ಲಿ. ಸ್ಟ್ಯಾಂಡರ್ಡ್‌ಗಳು (ಪ್ರಮಾಣ ಮೊದಲೇ ಗೊತ್ತಿರುವ ಕೆಫೀನ್ ದ್ರಾವಣಗಳು) ಮಿ.ಲೀ.ಗೆ 10, 20, 30, 40, 50 ಮೈಕ್ರೊಗ್ರಾಂ. ಮಾದರಿಗೆ ಅರ್ಧ ಗ್ರಾಂ ಕಾಫಿಪುಡಿಯನ್ನು 100 ಮಿ.ಲೀ. ಬಿಸಿನೀರಿನಲ್ಲಿ ಕದಡಿ, ಆರಿಸಿ, ಸೋಸಿ, ನಾಲ್ಕು ಪಟ್ಟು ತೆಳುಮಾಡಿ, ಮತ್ತೆ ಸಿರಿಂಜ್ ಫಿಲ್ಟರಿನಲ್ಲಿ ಸೋಸಬೇಕು. ಒಂದು ಶುದ್ಧ ಕಾಫಿಪುಡಿ, ಒಂದು ಚಿಕೋರಿ ಬೆರೆತದ್ದು ತಂದರೆ ಇನ್ನೂ ಒಳ್ಳೆಯದು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಎರಡರ ವ್ಯತ್ಯಾಸವನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುತ್ತಾರೆ, ಪೊಟ್ಟಣದ ಮೇಲೆ ಬರೆದ ಪ್ರಮಾಣದೊಂದಿಗೆ ಹೋಲಿಸುತ್ತಾರೆ.

ಈಗ ಸಮಯದ ಲೆಕ್ಕ. ಐದು ಸ್ಟ್ಯಾಂಡರ್ಡ್, ಒಂದೊಂದನ್ನು ಮೂರು ಸಲ ಇಂಜೆಕ್ಟ್ ಮಾಡಿದರೆ 15 ಇಂಜೆಕ್ಷನ್. ಒಂದಕ್ಕೆ 10 ನಿಮಿಷದಂತೆ ಎರಡೂವರೆ ಗಂಟೆ. ಕಾಲಂ ಸ್ಥಿರವಾಗಲು ಮುಕ್ಕಾಲು ಗಂಟೆ. ಎರಡು ಮಾದರಿಗಳಿಗೆ ಒಂದು ಗಂಟೆ. ತಯಾರಿ, ತೊಳೆಯುವುದು ಸೇರಿ ನಾಲ್ಕು ಜನರ ಒಂದು ತಂಡಕ್ಕೆ ಒಂದು ಪೂರ್ತಿ ದಿನ. ನಲವತ್ತು ವಿದ್ಯಾರ್ಥಿಗಳ ತರಗತಿಗೆ ಹತ್ತು ತಂಡ, ಅಂದರೆ ಹತ್ತು ಶನಿವಾರ. ಹದಿನಾರು ವಾರಗಳ ಸೆಮಿಸ್ಟರಿನಲ್ಲಿ ಇದು ಆರಾಮವಾಗಿ ಹಿಡಿಸುತ್ತದೆ. ಹತ್ತೂ ದಿನಕ್ಕೆ ಎರಡೂವರೆ ಲೀಟರಿನ ಒಂದು ಬಾಟಲಿ ಮೆಥನಾಲ್ ಸಾಕು. ನಾಲ್ಕಕ್ಕಿಂತ ದೊಡ್ಡ ತಂಡ ಮಾಡಬೇಡಿ. ಐದನೆಯವರು ಬಂದ ಕೂಡಲೇ ಒಬ್ಬರು ಬರೆದುಕೊಳ್ಳುವವರಾಗಿ, ಇನ್ನೊಬ್ಬರು ಫೋಟೊ ತೆಗೆಯುವವರಾಗಿ ಉಳಿದುಬಿಡುತ್ತಾರೆ.

ಕಲಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಮೇಲೆ ಹೇಳಿದ ನಿಯಮದಲ್ಲೇ ಇದೆ. ಎರಡನೇ, ಮೂರನೇ ವರ್ಷದ ಸಂಶೋಧನಾರ್ಥಿಗಳಿಗೆ ವಾರದ 4ರಿಂದ 6 ಗಂಟೆಯನ್ನು ಇಲ್ಲಿ ಕೊಡಿ. ಎಂ.ಎಸ್ಸಿ.ಯವರಿಗೆ ಯಂತ್ರ ಕಲಿತಂತಾಯಿತು, ಸಂಶೋಧನಾರ್ಥಿಗೆ ಕಲಿಸುವುದನ್ನು ಕಲಿತಂತಾಯಿತು. ಕೊನೆಯಲ್ಲಿ ಪ್ರಮಾಣಪತ್ರದ ಬದಲು ಪ್ರತಿ ವಿದ್ಯಾರ್ಥಿಗೂ ಒಂದು ಕೌಶಲ ಪುಸ್ತಿಕೆ ಇರಲಿ. ಅದರಲ್ಲಿ ಉಪಕರಣದ ಹೆಸರು, ನೋಡಿದ್ದು, ಮೇಲ್ವಿಚಾರಣೆಯಲ್ಲಿ ನಡೆಸಿದ್ದು, ಒಬ್ಬರೇ ನಡೆಸಿದ್ದು ಎಂದು ಬೇರೆ ಬೇರೆ ಕಲಂ, ಪ್ರತಿಯೊಂದಕ್ಕೂ ದಿನಾಂಕ ಮತ್ತು ಸಹಿ. ಒಂದೇ ಮಾದರಿಯ ಮೂರು ಇಂಜೆಕ್ಷನ್‌ಗಳ ಶಿಖರ ವಿಸ್ತೀರ್ಣ ಶೇ 2ರ ಸಾಪೇಕ್ಷ ವಿಚಲನೆಯೊಳಗೆ ಬಂದಿದೆಯೇ ಎಂಬುದನ್ನೂ ಅಲ್ಲೇ ಬರೆಯಲಿ. ಸಂದರ್ಶನಕ್ಕೆ ಹೋಗುವಾಗ ಈ ಪುಸ್ತಿಕೆಯ ಒಂದು ಪುಟ ಹತ್ತು ಪ್ರಮಾಣಪತ್ರಕ್ಕಿಂತ ಹೆಚ್ಚು ಮಾತಾಡುತ್ತದೆ. ಯುವಿ-ವಿಸಿಬಲ್, ಎಫ್‌ಟಿಐಆರ್, ಪಿಸಿಆರ್, ಎಕ್ಸ್‌ಆರ್‌ಡಿ ಮುಂತಾದ ಇತರ ಉಪಕರಣಗಳಿಗೂ ಇದೇ ಕ್ರಮ ಸಲ್ಲುತ್ತದೆ.

ಇದಕ್ಕೆ ಒಂದು ಪೈಸೆಯೂ ಬೇಡದ ಇನ್ನೊಂದು ಸುಧಾರಣೆ ಜೊತೆಯಾಗಬೇಕು. ನಮ್ಮ ಪ್ರಾಯೋಗಿಕ ತರಗತಿಗಳಲ್ಲಿ ರಫ್ ಪುಸ್ತಕದಲ್ಲಿ ಅಂಕಿ ಬರೆದುಕೊಂಡು, ಮನೆಗೆ ಹೋಗಿ ‘ಫೇರ್ ರೆಕಾರ್ಡ್’ನಲ್ಲಿ ಅಂದವಾಗಿ ನಕಲು ಮಾಡಿ, ರಫ್ ಹಾಳೆಯನ್ನು ಎಸೆಯುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಅಂದಕ್ಕೆ ಅಂಕವೂ ಇದೆ. ಔಷಧ ಕಂಪನಿಯ ಗುಣಮಟ್ಟ ಪ್ರಯೋಗಾಲಯದಲ್ಲಿ ಇದೇ ಕೆಲಸ ಮಾಡಿದರೆ ಅದು ದತ್ತಾಂಶದ ನಂಬಿಕೆಗೆ ಧಕ್ಕೆ ತರುವ ಗಂಭೀರ ಲೋಪ. ಅಲ್ಲಿ ಮೊದಲು ಬರೆದದ್ದೇ ಮೂಲ ದಾಖಲೆ. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ದಿನಾಂಕ, ಕಾರಣ ಹಾಕಬೇಕು. ವೈಟ್ನರ್ ಇಲ್ಲ, ಪೆನ್ಸಿಲ್ ಇಲ್ಲ, ಹಾಳೆ ಹರಿಯುವಂತಿಲ್ಲ. ನಾವು ಎರಡು ವರ್ಷ ಒಂದು ಅಭ್ಯಾಸ ಕಲಿಸುತ್ತೇವೆ, ಕೆಲಸದ ಮೊದಲ ವಾರದಲ್ಲೇ ಅವರು ಅದನ್ನು ಮರೆಯಬೇಕಾಗುತ್ತದೆ. ಮುಂದಿನ ಶೈಕ್ಷಣಿಕ ವರ್ಷದಿಂದ ಫೇರ್ ರೆಕಾರ್ಡನ್ನು ನಿಲ್ಲಿಸಿ. ಪುಟಸಂಖ್ಯೆ ಅಚ್ಚಾದ, ಹೊಲಿಗೆ ಹಾಕಿದ ಒಂದೇ ಪ್ರಯೋಗ ಪುಸ್ತಕ ಕೊಡಿ, ಪ್ರತಿ ತರಗತಿಯ ಕೊನೆಗೆ ಅಧ್ಯಾಪಕರ ಸಹಿ ಬೀಳಲಿ, ಅಂಕ ಅಂದಕ್ಕಲ್ಲದೆ ದಾಖಲೆಯ ಪೂರ್ಣತೆಗೆ ಇರಲಿ. ಪಠ್ಯ ಮಂಡಳಿಯ ಒಂದು ನಿರ್ಣಯದಿಂದ ಆಗುವ ಕೆಲಸ ಇದು.

ಗಣಕದ ದತ್ತಾಂಶಕ್ಕೂ ಇದೇ ಮಾತು. ಎಕ್ಸೆಲ್‌ನಲ್ಲಿ ವಂಶವಾಹಿಗಳ ಹೆಸರು ತೆರೆದರೆ ‘ಎಸ್‌ಇಪಿಟಿ2’ (SEPT2) ಎಂಬುದು ತಾನಾಗಿಯೇ ಸೆಪ್ಟೆಂಬರ್ 2 ಆಗಿಬಿಡುತ್ತಿತ್ತು. ಕೊನೆಗೆ ಮಾನವ ವಂಶವಾಹಿಗಳಿಗೆ ಹೆಸರಿಡುವ ಸಮಿತಿಯೇ 2020ರಲ್ಲಿ ಅಂಥ ಹೆಸರುಗಳನ್ನು ಬದಲಿಸಬೇಕಾಯಿತು. ಮೂಲ ಕಡತವನ್ನು ಮುಟ್ಟದೆ, ಪ್ರತಿಯ ಮೇಲೆ ಕೆಲಸ ಮಾಡಿ, ಮಾಡಿದ್ದನ್ನೆಲ್ಲ ಪೈಥಾನ್ ಅಥವಾ ಆರ್ ಎಂಬ ಗಣಕ ಭಾಷೆಯಲ್ಲಿ ಬರೆದಿಡುವುದನ್ನು ಎರಡು ದಿನಗಳ ಶಿಬಿರದಲ್ಲಿ ಆರಂಭಿಸಬಹುದು. ಸಂಶೋಧಕರಿಗೆ ಗಣಕ ಕೌಶಲ ಕಲಿಸುವ ಸಾಫ್ಟ್‌ವೇರ್ ಕಾರ್ಪೆಂಟ್ರಿಯ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿವೆ, ಮುಕ್ತ ಪರವಾನಗಿಯಲ್ಲಿವೆ. ಕನ್ನಡಕ್ಕೆ ತಂದು ಬಳಸಲೂ ಅಡ್ಡಿಯಿಲ್ಲ. ಇಪ್ಪತ್ತೈದು ಜನಕ್ಕೆ ಇಬ್ಬರು ಕಲಿಸುವವರು, ಸಾಲುಗಳ ನಡುವೆ ಓಡಾಡುತ್ತ ಸಿಕ್ಕು ಬಿಡಿಸುವ ನಾಲ್ವರು ಸಹಾಯಕರು ಬೇಕು. ಸಹಾಯಕರಿಲ್ಲದೆ ಮಾಡಿದರೆ ಮೊದಲ ಗಂಟೆಯಲ್ಲೇ, ತಂತ್ರಾಂಶ ಹಾಕಿಕೊಳ್ಳುವ ಹಂತದಲ್ಲೇ, ಅರ್ಧ ಜನ ಹಿಂದೆ ಬೀಳುತ್ತಾರೆ. ಆದ್ದರಿಂದ ತಂತ್ರಾಂಶವನ್ನು ಹಿಂದಿನ ದಿನ ಸಂಜೆಯೇ ಎಲ್ಲರ ಲ್ಯಾಪ್‌ಟಾಪಿಗೂ ಹಾಕಿ ಮುಗಿಸಬೇಕು.

ಇನ್ನು ಕ್ಯಾಂಪಸ್ಸಿನಲ್ಲಿ ಇಲ್ಲದ ಉಪಕರಣಗಳ ಮಾತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ಅತ್ಯಾಧುನಿಕ ವಿಶ್ಲೇಷಣಾ ಉಪಕರಣ ಸೌಲಭ್ಯ (ಸೈಫ್) ಇದೆ. ಬೆಂಗಳೂರಿನಲ್ಲಿ 2020ರ ಜನವರಿಯಲ್ಲಿ ಚಾಲನೆಗೊಂಡ ಐ-ಸ್ಟೆಮ್ ಜಾಲತಾಣದಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ಹುಡುಕಿ ಕಾಯ್ದಿರಿಸಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊವಿಜ್ಞಾನ ಕೇಂದ್ರದಲ್ಲಿ ಹೊರಗಿನ ಸಂಶೋಧನಾರ್ಥಿಗಳಿಗಾಗಿಯೇ ಐಎನ್‌ಯುಪಿ (ಭಾರತೀಯ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ) ತರಬೇತಿ ಇದೆ. ನಮ್ಮ ರಾಜ್ಯದಷ್ಟು ಸಂಶೋಧನಾ ಸಂಸ್ಥೆಗಳು ಹತ್ತಿರ ಹತ್ತಿರ ಇರುವ ಕಡೆ ದೇಶದಲ್ಲಿ ಹೆಚ್ಚಿಲ್ಲ. ಹಾಗಿದ್ದೂ ಕಲಬುರಗಿಯ, ಬಳ್ಳಾರಿಯ, ಶಂಕರಘಟ್ಟದ ಸಂಶೋಧನಾರ್ಥಿ ಅಲ್ಲಿಗೆ ತಲುಪದಿರುವುದಕ್ಕೆ ಕಾರಣ ದೂರವಲ್ಲ, ಹಣದ ಬಿಲ್.

ಆಗುವುದು ಹೀಗೆ. ಉಪಕರಣ ಕೇಂದ್ರ ಹಣವನ್ನು ಮುಂಚೆಯೇ ಕೇಳುತ್ತದೆ. ವಿಶ್ವವಿದ್ಯಾಲಯ ಬಿಲ್ ತಂದ ಮೇಲೆ ಕೊಡುತ್ತದೆ. ನಡುವಿನ ತಿಂಗಳುಗಳ ಹೊರೆಯನ್ನು ಹೊರುವವರು ವಿದ್ಯಾರ್ಥಿಗಳು. ಸಂಶೋಧನಾರ್ಥಿ ನೌಕರರಲ್ಲದ ಕಾರಣ ಪ್ರಯಾಣ ಭತ್ಯೆಯ ನಿಯಮ ಅನ್ವಯಿಸದು ಎಂಬ ಟಿಪ್ಪಣಿಯೊಂದಿಗೆ ಕಡತ ಹಲವು ಕಡೆ ಹಿಂದಿರುಗುತ್ತದೆ. ಸಿಎಸ್‌ಐಆರ್ ಫೆಲೋಷಿಪ್ ಇರುವವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋ ಆದ ಮೇಲೆ 42,000, ಜೊತೆಗೆ ವರ್ಷಕ್ಕೆ 20,000 ರೂಪಾಯಿ ಸಾದಿಲ್ವಾರು ಹಣ ಇದೆ. ಪ್ರಧಾನಮಂತ್ರಿ ಸಂಶೋಧನಾ ಫೆಲೋಷಿಪ್ ಪಡೆದವರಿಗೆ ಸಂಶೋಧನಾ ವೆಚ್ಚಕ್ಕೆಂದೇ ವರ್ಷಕ್ಕೆ 2 ಲಕ್ಷ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಯಾವ ಫೆಲೋಷಿಪ್ಪೂ ಇಲ್ಲದೆ, ಅತಿಥಿ ಉಪನ್ಯಾಸಕ ಕೆಲಸ ಮಾಡಿಕೊಂಡು ಪಿಎಚ್‌.ಡಿ. ಮಾಡುತ್ತಿರುವವರು ಎಷ್ಟೋ ಜನ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದವರಿಗೂ ಸಿಗುವ 8,000 ರೂಪಾಯಿ ಕೂಡ ಇವರಿಗಿಲ್ಲ. ಇವರಿಗೆ ಒಂದು ವಾರದ ತರಬೇತಿ ಎಂದರೆ ಒಂದು ವಾರದ ಗಳಿಕೆ ಹೋಗುವುದು, ಮೇಲೆ ಬಸ್ಸು, ವಸತಿ, ನೋಂದಣಿ.

ನಮ್ಮ ಸಲಹೆ: ‘ಸಂಶೋಧನಾರ್ಥಿ ತರಬೇತಿ’ ಎಂಬ ಪ್ರತ್ಯೇಕ ಲೆಕ್ಕ ಶೀರ್ಷಿಕೆ ತೆರೆಯಿರಿ. ಫೆಲೋಷಿಪ್ ಇಲ್ಲದ ಪ್ರತಿಯೊಬ್ಬರಿಗೂ ವರ್ಷಕ್ಕೆ 15,000 ರೂಪಾಯಿ ಇಡಿ. ಅಂಥ ಇನ್ನೂರು ಜನ ಇರುವ ವಿಶ್ವವಿದ್ಯಾಲಯಕ್ಕೆ ಇದು 30 ಲಕ್ಷ. ಪ್ರತಿ ವಿಜ್ಞಾನ ವಿಭಾಗದ ಅಧ್ಯಕ್ಷರ ಹೆಸರಿನಲ್ಲಿ 50,000 ರೂಪಾಯಿ ಖಾಯಂ ಮುಂಗಡ ಇರಲಿ. ಮಾದರಿ ಪರೀಕ್ಷೆಯ ಶುಲ್ಕ, ನೋಂದಣಿ ಶುಲ್ಕ ಅದರಿಂದಲೇ ನೇರವಾಗಿ ಹೋಗಲಿ. ರಸೀದಿ ಬಂದಂತೆ ಹಣಕಾಸು ಅಧಿಕಾರಿಗಳು ಅದನ್ನು ಭರ್ತಿ ಮಾಡಲಿ. ಮುಂಗಡ ಎಂದಾಕ್ಷಣ ಲೆಕ್ಕ ಪರಿಶೋಧನೆಯ ಭಯ ಬರುತ್ತದೆ ಎಂಬುದನ್ನು ನಾವು ಬಲ್ಲೆವು. ಹಿಂದಿನ ಮುಂಗಡದ ಲೆಕ್ಕ ಮೂವತ್ತು ದಿನದಲ್ಲಿ ಕೊಡದಿದ್ದರೆ ಮುಂದಿನದು ಇಲ್ಲ ಎಂಬ ಒಂದು ಷರತ್ತು ಹಾಕಿದರೆ ಆ ಭಯಕ್ಕೆ ಉತ್ತರವಾಗುತ್ತದೆ.

ಹಣ ಸಿಕ್ಕರೂ ದಿನಾಂಕ ಸಿಗದ ತೊಂದರೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಷಿಪ್ ಎರಡು ತಿಂಗಳದು. ವಿದ್ಯಾರ್ಥಿಗಳಿಗೂ ಇದೆ, ಅಧ್ಯಾಪಕರಿಗೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ತನ್ನದೇ ಬೇಸಿಗೆ ಫೆಲೋಷಿಪ್ ಇದೆ. ರಾಮನ್ ಸಂಶೋಧನಾ ಸಂಸ್ಥೆಗೆ ಭೇಟಿ ವಿದ್ಯಾರ್ಥಿಗಳ ಕಾರ್ಯಕ್ರಮವಿದೆ. ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಸಂಖ್ಯಾ ಭೌತಶಾಸ್ತ್ರದಿಂದ ಹಿಡಿದು ಗುರುತ್ವ ಅಲೆಗಳವರೆಗೆ ಶಾಲೆಗಳನ್ನು ನಡೆಸುತ್ತದೆ. ಆದರೆ ನಮ್ಮ ಸೆಮಿಸ್ಟರ್ ಪರೀಕ್ಷೆ ಒಂದು ವಿಶ್ವವಿದ್ಯಾಲಯದಲ್ಲಿ ಜೂನಿಗೆ, ಇನ್ನೊಂದರಲ್ಲಿ ಆಗಸ್ಟಿಗೆ ಬೀಳುತ್ತದೆ. ಒಂದು ಸಲ ಘೋಷಿಸಿದ ದಿನಾಂಕ ಮತ್ತೆ ಮುಂದೆ ಹೋಗುತ್ತದೆ. ಆಯ್ಕೆಯಾದ ವಿದ್ಯಾರ್ಥಿ ಫೆಲೋಷಿಪ್ ಬಿಡಬೇಕು, ಇಲ್ಲವೇ ನಡುವೆ ಪರೀಕ್ಷೆಗೆ ಬಂದು ಹೋಗಬೇಕು. ಉನ್ನತ ಶಿಕ್ಷಣ ಪರಿಷತ್ತು ಮಾತ್ರ ಮಾಡಬಲ್ಲ ಕೆಲಸ ಇದು: ರಾಜ್ಯದ ಎಲ್ಲ ವಿಜ್ಞಾನ ಸ್ನಾತಕೋತ್ತರ ವಿಭಾಗಗಳಿಗೂ ವರ್ಷದಲ್ಲಿ ಸತತ ಎಂಟು ವಾರಗಳನ್ನು, ಮೇ ಮಧ್ಯದಿಂದ ಜುಲೈ ಮಧ್ಯದವರೆಗೆ, ಪರೀಕ್ಷೆಯೂ ತರಗತಿಯೂ ಇಲ್ಲದಂತೆ ಮೀಸಲಿಡಿ.

ಅರ್ಜಿಗೆ ಬೇಕಾದ ಶಿಫಾರಸು ಪತ್ರವೂ ಹಲವರ ಅವಕಾಶ ಕಸಿಯುತ್ತದೆ. ‘ಇವರು ಶ್ರದ್ಧಾವಂತರು, ಸನ್ನಡತೆಯವರು’ ಎಂದು ಹತ್ತು ಜನಕ್ಕೂ ಒಂದೇ ಪತ್ರ ಕೊಟ್ಟರೆ ಆಯ್ಕೆ ಸಮಿತಿಗೆ ಏನೂ ತಿಳಿಯದು. ಅಭ್ಯರ್ಥಿ ಮಾಡಿದ ಒಂದು ನಿರ್ದಿಷ್ಟ ಕೆಲಸ, ಅದರಲ್ಲಿ ಎದುರಾದ ತೊಡಕು, ಅದನ್ನು ಬಿಡಿಸಿದ ರೀತಿ, ತರಗತಿಯಲ್ಲಿ ಅವರ ಸ್ಥಾನ ಇಷ್ಟಿದ್ದರೆ ಅರ್ಧ ಪುಟ ಸಾಕು. ಕೌಶಲ ಪುಸ್ತಿಕೆ ಇದ್ದರೆ ಅಧ್ಯಾಪಕರಿಗೂ ಬರೆಯುವುದು ಸುಲಭ.

ಈಗ ಬರವಣಿಗೆ. ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ 30 ಗಂಟೆಗಳ ಪಠ್ಯ ಅನೇಕ ಕಡೆ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆಯಾಗಿ ಮುಗಿಯುತ್ತದೆ. ಆ ಗಂಟೆಗಳು ಎಂದಿಗಿಂತ ಈಗ ಹೆಚ್ಚು ಬೇಕು. ಆಯೋಗ ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿರುವುದಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಯಾವ ಪತ್ರಿಕೆ ಒಳ್ಳೆಯದು, ಯಾವುದು ಹಣಕ್ಕಾಗಿ ಏನನ್ನಾದರೂ ಅಚ್ಚು ಹಾಕುವಂಥದ್ದು ಎಂದು ತೀರ್ಮಾನಿಸುವ ಹೊಣೆ ಈಗ ವಿಶ್ವವಿದ್ಯಾಲಯದ್ದು. ಮೂರು ದಿನದಲ್ಲಿ ಸ್ವೀಕಾರ ಪತ್ರ, ಎಲ್ಲ ವಿಷಯಗಳಿಗೂ ಒಂದೇ ಪತ್ರಿಕೆ, ಸಂಪಾದಕ ಮಂಡಳಿಯಲ್ಲಿ ಇರುವವರಿಗೇ ತಾವು ಅಲ್ಲಿದ್ದೇವೆಂದು ತಿಳಿಯದಿರುವುದು, ಪ್ರಭಾವ ಸೂಚ್ಯಂಕ ಎಂದು ಯಾವುದೋ ಅಪರಿಚಿತ ಸಂಸ್ಥೆಯ ಅಂಕಿ: ಇವು ಕಂಡರೆ ದೂರವಿರಬೇಕು. ಇದನ್ನು ಉಪನ್ಯಾಸದಲ್ಲಿ ಹೇಳಿದರೆ ಸಾಲದು. ಇಮೇಲಿಗೆ ಬಂದ ಐದು ಆಹ್ವಾನ ಪತ್ರಗಳನ್ನು ತರಗತಿಗೆ ತಂದು ಒಂದೊಂದಾಗಿ ಪರಿಶೀಲಿಸುವ ಅಭ್ಯಾಸ ಮಾಡಿಸಬೇಕು.

ಕೃತಿಚೌರ್ಯದ ಬಗ್ಗೆ ಇರುವ ತಪ್ಪು ತಿಳಿವಳಿಕೆಯೂ ಇಲ್ಲೇ ತಿದ್ದಬೇಕು. 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಇದನ್ನು ನೋಡಿ ವಿದ್ಯಾರ್ಥಿಗಳು ಶೇ 10ರ ಕೆಳಗೆ ತರುವುದೇ ಗುರಿ ಎಂದುಕೊಳ್ಳುತ್ತಾರೆ, ಪದ ಬದಲಿಸಿ ವಾಕ್ಯ ಕೆಡಿಸುತ್ತಾರೆ. ತಂತ್ರಾಂಶ ಅಕ್ಷರದ ಹೋಲಿಕೆ ಹಿಡಿಯುತ್ತದೆಯೇ ಹೊರತು ಕದ್ದ ಆಲೋಚನೆಯನ್ನಲ್ಲ, ತಿರುಚಿದ ಚಿತ್ರವನ್ನಲ್ಲ. ಓದಿ, ಪುಸ್ತಕ ಮುಚ್ಚಿ, ತನ್ನ ಮಾತಿನಲ್ಲಿ ಬರೆದು, ಮತ್ತೆ ತೆರೆದು ಹೋಲಿಸುವುದನ್ನು ತರಗತಿಯಲ್ಲೇ ಮಾಡಿಸಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ಕರಡನ್ನು ಕನ್ನಡದಲ್ಲೇ ಬರೆಯಲು ಬಿಡಿ. ವಾದ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ಹೋದರೆ ಎರವಲು ವಾಕ್ಯಗಳ ಅಗತ್ಯವೇ ಬೀಳುವುದಿಲ್ಲ.

ಓದಲು ಪತ್ರಿಕೆಗಳಿಲ್ಲ ಎಂಬ ಹಳೆಯ ಕೊರಗಿಗೆ ಈಗ ಉತ್ತರವಿದೆ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ರಾಜ್ಯ ವಿಶ್ವವಿದ್ಯಾಲಯಗಳಿಗೂ ತೆರೆದಿವೆ. ಗ್ರಂಥಪಾಲಕರು ಪ್ರತಿ ಸೆಮಿಸ್ಟರಿನ ಮೊದಲ ವಾರ ಎರಡು ಗಂಟೆ ತೆಗೆದುಕೊಂಡು, ಹಾಸ್ಟೆಲಿನಿಂದ, ಮನೆಯಿಂದ ಲಾಗಿನ್ ಆಗುವುದನ್ನು ಮಾಡಿ ತೋರಿಸಲಿ.

ಇದೆಲ್ಲವನ್ನೂ ಒಬ್ಬೊಬ್ಬ ಸಂಶೋಧನಾರ್ಥಿಗೆ ಹೊಂದಿಸುವ ವೇದಿಕೆಯೂ ಈಗಾಗಲೇ ಇದೆ. ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹಾಜರಾಗಬೇಕು ಎಂದು ನಿಯಮ ಹೇಳುತ್ತದೆ. ಆ ಸಭೆಯ ನಮೂನೆಗೆ ಅರ್ಧ ಪುಟ ಸೇರಿಸಿ: ಪದವಿಯ ನಂತರ ಯಾವ ಕೆಲಸದ ಯೋಚನೆ ಇದೆ, ಅದಕ್ಕೆ ಬೇಕಾದ ಯಾವ ಕೌಶಲ ಇನ್ನೂ ಇಲ್ಲ, ಮುಂದಿನ ಆರು ತಿಂಗಳಲ್ಲಿ ಯಾವ ತರಬೇತಿಗೆ ಹೋಗುವುದು, ಅದಕ್ಕೆ ಎಷ್ಟು ದಿನ, ಎಷ್ಟು ಹಣ. ಉತ್ತರವನ್ನು ಗೈಡ್ ಅಲ್ಲದ ಸದಸ್ಯರೊಬ್ಬರು ವಿದ್ಯಾರ್ಥಿಯ ಜೊತೆ ಕೂತು ಚರ್ಚಿಸಿ ಸಹಿ ಹಾಕಲಿ. ಕಾರಣ ಸ್ಪಷ್ಟ: ಪ್ರಬಂಧ ಸಲ್ಲಿಕೆಯ ಕೀಲಿ ಗೈಡ್ ಕೈಯಲ್ಲಿರುವಾಗ, ‘ನನಗೆ ಬೋಧನೆಗಿಂತ ಉದ್ಯಮ ಇಷ್ಟ’ ಎಂದು ಅವರೆದುರಿಗೆ ಹೇಳಲು ಹೆಚ್ಚಿನವರು ಅಳುಕುತ್ತಾರೆ. ಸಮಿತಿ ಒಪ್ಪಿದ ತರಬೇತಿಗೆ ಮತ್ತೆ ಮತ್ತೆ ಅನುಮತಿ ಬೇಡ. ಅರ್ಜಿ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಲಿಖಿತ ಆಕ್ಷೇಪ ಬರದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸುವಂತೆ ಸುತ್ತೋಲೆ ಹೊರಡಿಸಿ.

ಎಲ್ಲರೂ ಅಧ್ಯಾಪಕರಾಗಲು ಹುದ್ದೆಗಳಿಲ್ಲ ಎಂಬುದು ತಮಗೆ ನಮಗಿಂತ ಚೆನ್ನಾಗಿ ಗೊತ್ತು. ಉಳಿದ ದಾರಿಗಳಿಗೆ ನಮ್ಮ ಪದವಿ ಸಾಕು, ಸಿದ್ಧತೆ ಬೇಕು. ಪೇಟೆಂಟ್ ಏಜೆಂಟ್ ಪರೀಕ್ಷೆಗೆ 21 ವರ್ಷ ತುಂಬಿದ ವಿಜ್ಞಾನ ಪದವೀಧರರು ಕೂರಬಹುದು. ಪ್ರತಿ ಪತ್ರಿಕೆಯಲ್ಲಿ ಶೇ 50, ಒಟ್ಟಾರೆ ಶೇ 60 ಅಂಕ ಬೇಕು. ಪೇಟೆಂಟಿನ ತಿಳಿವಳಿಕೆ ಸಂಶೋಧನೆಗೂ ಬೇಕು: ಸಮ್ಮೇಳನದಲ್ಲಿ ಪೋಸ್ಟರ್ ಹಾಕಿದ ಮೇಲೆ ಪೇಟೆಂಟ್ ಯೋಚಿಸಿದರೆ ನವೀನತೆ ಹೋಯಿತೆಂಬ ಆಕ್ಷೇಪ ಎದುರಾಗುತ್ತದೆ. ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿದರೆ ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ, ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕದಲ್ಲಿ ಶೇ 80 ರಿಯಾಯಿತಿಯೂ ಇದೆ. ಆಹಾರ ಪ್ರಯೋಗಾಲಯಗಳಿಗೆ ಹೋಗಬಯಸುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಕಿರಿಯ ವಿಶ್ಲೇಷಕ ಪರೀಕ್ಷೆ ಇದೆ. ಪರೀಕ್ಷಾ ಪ್ರಯೋಗಾಲಯಗಳು ಐಎಸ್‌ಒ/ಐಇಸಿ 17025 ಎಂಬ ಮಾನದಂಡದ ಮೇಲೆ ನಡೆಯುತ್ತವೆ. ಅಳತೆಯ ಅನಿಶ್ಚಿತತೆ ಲೆಕ್ಕ ಹಾಕಲು ಬರುವ ಎಂ.ಎಸ್ಸಿ. ಪದವೀಧರರನ್ನು ಅವು ಹುಡುಕುತ್ತಿರುತ್ತವೆ. ಮೇಲೆ ಹೇಳಿದ ಕೆಫೀನ್ ಪ್ರಯೋಗದ ಕೊನೆಗೆ ಆ ಲೆಕ್ಕವನ್ನೂ ಮಾಡಿಸಿದರೆ ಅದೂ ಕಲಿತಂತಾಯಿತು.

ಮಾತಾಡುವುದನ್ನೂ ಕಲಿಸಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿದ ಮೂರು ನಿಮಿಷದ ಪ್ರಬಂಧ ಸ್ಪರ್ಧೆಯಲ್ಲಿ ಒಂದೇ ಸ್ಥಿರ ಸ್ಲೈಡ್, ಮೂರು ನಿಮಿಷ, ಅಷ್ಟೇ. ಅದನ್ನು ನಮ್ಮಲ್ಲಿ ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ನಡೆಸಿ. ಪ್ರಬಂಧ ಸಲ್ಲಿಸುವಾಗ ಐನೂರು ಪದಗಳ ಕನ್ನಡ ಸಾರಾಂಶ ಕೇಳಿ, ಪ್ರಸಾರಾಂಗದಿಂದ ವರ್ಷಕ್ಕೊಂದು ಸಂಪುಟ ತನ್ನಿ. ತೆರಿಗೆ ಕೊಟ್ಟ ಜನಕ್ಕೆ ತಮ್ಮ ಊರಿನ ಮಕ್ಕಳು ಏನು ಸಂಶೋಧಿಸುತ್ತಿದ್ದಾರೆಂದು ಗೊತ್ತಾಗಬೇಕು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಉಪಕರಣಗಳ ಸರದಿಯಲ್ಲಿ ರಾತ್ರಿಯ ಪಾಳಿ ಖಾಲಿ ಇರುತ್ತದೆ, ಮಹಿಳಾ ಹಾಸ್ಟೆಲಿನ ಬಾಗಿಲು ಬೇಗ ಮುಚ್ಚುತ್ತದೆ. ಆ ಪಾಳಿ ತಾನಾಗಿ ಗಂಡಸರದ್ದಾಗುತ್ತದೆ. ಹಗಲಿನ ಪಾಳಿಯಲ್ಲಿ ಅರ್ಧವನ್ನು ಹಾಸ್ಟೆಲ್ ವಿದ್ಯಾರ್ಥಿನಿಯರಿಗೆ ಮೀಸಲಿಡಿ, ಇಲ್ಲವೇ ಪ್ರಯೋಗಾಲಯದಿಂದ ಹಾಸ್ಟೆಲಿಗೆ ರಾತ್ರಿ ವಾಹನ ಮತ್ತು ಗೇಟ್ ಪಾಸ್ ಕೊಡಿ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯ ಅವಕಾಶ 2022ರ ನಿಯಮಾವಳಿಯಲ್ಲೇ ಇದೆ ಎಂಬುದನ್ನು ನೋಂದಣಿ ಪತ್ರದ ಜೊತೆಗೇ ಲಿಖಿತವಾಗಿ ತಿಳಿಸಿ. ಗೊತ್ತಿಲ್ಲದೆ ಪಿಎಚ್‌.ಡಿ. ಬಿಡುವವರು ಇದ್ದಾರೆ.

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿ ಎಂದು ನಾವು ಕೇಳುತ್ತಿಲ್ಲ. ಮುಂದಿನ ವಿದ್ಯಾವಿಷಯಕ ಪರಿಷತ್ತಿನ ಸಭೆಯ ಕಾರ್ಯಸೂಚಿಗೆ ಮೂರು ವಿಷಯ ತನ್ನಿ: ಶನಿವಾರದ ಉಪಕರಣ ತರಗತಿಗೆ 2 ಕ್ರೆಡಿಟ್, ಫೇರ್ ರೆಕಾರ್ಡ್ ರದ್ದು, ಸಲಹಾ ಸಮಿತಿಯ ನಮೂನೆಗೆ ಅರ್ಧ ಪುಟ. ಖಾಯಂ ಮುಂಗಡವನ್ನು ಸಿಂಡಿಕೇಟ್ ಮುಂದಿಡಿ. ಎಂಟು ವಾರಗಳ ಬಿಡುವನ್ನು ಪರಿಷತ್ತು ಕುಲಸಚಿವರ (ಮೌಲ್ಯಮಾಪನ) ಜಂಟಿ ಸಭೆ ಕರೆದು ತೀರ್ಮಾನಿಸಲಿ. ಕರಡು ನಮೂನೆಗಳು, ಕೌಶಲ ಪುಸ್ತಿಕೆಯ ಮಾದರಿ, ಹತ್ತು ಶನಿವಾರಗಳ ವೇಳಾಪಟ್ಟಿ ಇವನ್ನು ಬರೆದುಕೊಡಲು, ಕೇಳಿದ ವಿಭಾಗಕ್ಕೆ ಬಂದು ಮೊದಲ ತಂಡಕ್ಕೆ ಕಲಿಸಿ ತೋರಿಸಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರಾಜ್ಯದ ವಿಶ್ವವಿದ್ಯಾಲಯಗಳ ವಿಜ್ಞಾನ ವಿಭಾಗಗಳ ಕೆಲವು ಅಧ್ಯಾಪಕರು ಮತ್ತು ಉಪಕರಣ ತಂತ್ರಜ್ಞರು